ಬಿಲ್ ಪಾಸ್ ಮಾಡುವ ಮೊದಲು: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ

ವಿಷಯ: ಹೊರಗುತ್ತಿಗೆ ನೌಕರರ ಸಂಬಳ ಮತ್ತು ಪಿಎಫ್ ಕುರಿತು

ಮಾನ್ಯರೇ,

ನಮ್ಮ ತಾಲೂಕಿನ ಯಾವ ಸರ್ಕಾರಿ ಕಚೇರಿಗೆ ಹೋದರೂ ಮೊದಲು ಎದುರಾಗುವವರು ಹೊರಗುತ್ತಿಗೆಯವರೇ. ಕಂಪ್ಯೂಟರ್ ಮುಂದೆ ಕೂತವರು, ಆಸ್ಪತ್ರೆಯಲ್ಲಿ ನೆಲ ಒರೆಸುವವರು, ಹಾಸ್ಟೆಲಿನಲ್ಲಿ ಅನ್ನ ಬೇಯಿಸುವವರು, ರಾತ್ರಿ ಗೇಟು ಕಾಯುವವರು. ಇದನ್ನು ಪೂರ್ತಿ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಹುದ್ದೆ ಮಂಜೂರು ಮಾಡುವುದು ಬೆಂಗಳೂರಿನವರು, ನೀವಲ್ಲ. ಆದರೆ ಇವರನ್ನು ಒದಗಿಸಿ ಸಂಬಳ ಕೊಡುವ ಏಜೆನ್ಸಿಯ ಎಷ್ಟೋ ಬಿಲ್ ಪಾಸ್ ಆಗುವುದು ಈ ಜಿಲ್ಲೆಯಲ್ಲೇ, ಅಲ್ವಾ? ನಾನು ಹೇಳಬೇಕಾಗಿರುವುದು ಆ ಬಿಲ್ಲಿನ ವಿಷಯ.

ನಮ್ಮ ಪಕ್ಕದ ಮನೆಯ ಅಕ್ಕ ಒಂದು ಹಾಸ್ಟೆಲಿನಲ್ಲಿ ಅಡುಗೆ ಸಹಾಯಕಿ. ಮೊನ್ನೆ ಮೊಬೈಲ್ ಹಿಡಿದು ಬಂದರು. "ತಮ್ಮಾ, ಪಿಎಫ್ ಎಷ್ಟಾಗಿದೆ ನೋಡಿ ಹೇಳು ಮಾರಾಯ." ಉಮಂಗ್ ಆ್ಯಪ್ ತೆರೆದೆವು. ಓಟಿಪಿ ಬರಬೇಕಾದರೆ ಅಂಗಳದ ತುದಿಗೆ ಹೋಗಿ ನಿಲ್ಲಬೇಕು, ನಮ್ಮೂರಿನ ನೆಟ್‌ವರ್ಕ್ ಹಾಗಿದೆ. ಪಾಸ್‌ಬುಕ್‌ನಲ್ಲಿ ಚೌತಿ ತಿಂಗಳವರೆಗೆ ಸಾಲಾಗಿ ಜಮಾ ಆಗಿದೆ. ಆಮೇಲೆ ಏನೂ ಇಲ್ಲ. ಸಂಬಳದ ಚೀಟಿಯಲ್ಲಿ ಮಾತ್ರ ಕಡಿತ ಒಂದು ತಿಂಗಳೂ ತಪ್ಪಿಲ್ಲ. ಹಾಸ್ಟೆಲಿನಲ್ಲಿ ವಿಚಾರಿಸಿದರೆ "ಏಜೆನ್ಸಿಯವರನ್ನು ಕೇಳಿ". ಏಜೆನ್ಸಿಯ ಸೂಪರ್‌ವೈಸರಿಗೆ ಫೋನ್ ಮಾಡಿದರೆ "ಇಲಾಖೆಯಿಂದ ಬಿಲ್ ಆಗಿಲ್ಲ ಅಕ್ಕಾ".

ಅವರನ್ನು ಕೇಳಿ, ಇವರನ್ನು ಕೇಳಿ ಅನ್ನುವುದು ಈ ಜಿಲ್ಲೆಗೆ ಹೊಸದಲ್ಲ ಬಿಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗಲೂ, ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಬಿದ್ದಾಗಲೂ ಜನ ಕೇಳಿದ್ದು ಇದನ್ನೇ: ಹೊಣೆ ಸರ್ಕಾರದ್ದೋ, ಹೆದ್ದಾರಿ ಗುತ್ತಿಗೆ ಹಿಡಿದವರದ್ದೋ?

ಲೆಕ್ಕ ನೋಡಿ. 15,000 ರೂಪಾಯಿ ಸಂಬಳವಿದ್ದರೆ ನೌಕರರ ಪಾಲಿನ ಪಿಎಫ್ ಶೇ 12, ಅಂದರೆ 1,800. ಮಾಲೀಕರ ಪಾಲು ಇನ್ನೊಂದು 1,800. ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆ, ಬೇರೆ. 50 ಜನರನ್ನು ಒದಗಿಸುವ ಏಜೆನ್ಸಿಯ ಕೈಯಲ್ಲಿ ಪಿಎಫ್ ಒಂದರಿಂದಲೇ ತಿಂಗಳಿಗೆ 1,80,000 ರೂಪಾಯಿ. ಮೂರು ತಿಂಗಳು ಕಟ್ಟದೆ ಆಡಿಸಿದರೆ ಐದು ಲಕ್ಷಕ್ಕೂ ಜಾಸ್ತಿ. ಸಿಕ್ಕಿಬಿದ್ದರೆ ಬಡ್ಡಿ, ದಂಡ ಉಂಟು. ಸಿಕ್ಕಿಬೀಳದಿದ್ದರೆ ಪುಕ್ಕಟೆ ಬಂಡವಾಳ.

ಇದಕ್ಕೆ ದಾರಿ ಮಾಡಿಕೊಡುವುದೇ ಟೆಂಡರ್. ಕನಿಷ್ಠ ವೇತನ, ಪಿಎಫ್, ಇಎಸ್‌ಐ ಎಲ್ಲ ಮೊದಲೇ ನಿಗದಿ. ಏಜೆನ್ಸಿಗಳ ಪೈಪೋಟಿಗೆ ಉಳಿಯುವುದು ಸೇವಾ ಶುಲ್ಕ ಒಂದೇ. ಸೊನ್ನೆಯ ಹತ್ತಿರ ಬರೆದವನಿಗೆ ಕೆಲಸ ಸಿಕ್ಕಿತು ಅಂತಿಟ್ಟುಕೊಳ್ಳಿ. ಅವನೇನು ಧರ್ಮಕ್ಕೆ ದುಡಿಯಲು ಬಂದನಾ? ಆಫೀಸಿನ ಬಾಡಿಗೆ, ಸೂಪರ್‌ವೈಸರ್ ಸಂಬಳ, ಓಡಾಟದ ಖರ್ಚು ಎಲ್ಲಿಂದ ಹುಟ್ಟಬೇಕು? ಟೆಂಡರ್ ತೆರೆಯುವವರಿಗೆ ಇದು ಗೊತ್ತಿಲ್ಲ ಅಂದರೆ ನಾನಂತೂ ನಂಬಲ್ಲ.

ಏಜೆನ್ಸಿ ಬದಲಾದಾಗ ಇನ್ನೂ ಫಜೀತಿ. ಅದೇ ಜನ, ಅದೇ ಅಡುಗೆಮನೆ, ಅದೇ ಪಾತ್ರೆ. ಗುರುತಿನ ಚೀಟಿ ಮಾತ್ರ ಹೊಸದು. ಹಳಬ ಬಾಕಿ ಇಟ್ಟುಹೋದ ಸಂಬಳ ತನಗೆ ಸಂಬಂಧವಿಲ್ಲ ಅನ್ನುತ್ತಾನೆ ಹೊಸಬ. ಕಾನೂನು ಹಾಗೆ ಕೈಬಿಡುವುದಿಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವರು ಕೊಡಬೇಕು, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇದಿತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ಆದರೆ ಇದನ್ನು ಕೇಳಲು ಸಿದ್ದಾಪುರದ ಹೆಂಗಸೊಬ್ಬಳು ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಬರಬೇಕು. ಬಸ್ ಖರ್ಚು ಒಂದು ಕಡೆ, ಆ ದಿನದ ಸಂಬಳವೂ ಹೋಯಿತು.

ಅದಕ್ಕೇ ಕೇಳುತ್ತಿದ್ದೇನೆ. ಪಿಎಫ್ ಕಟ್ಟುವಾಗ ಯಾರ್ಯಾರ ಹೆಸರಿಗೆ ಎಷ್ಟೆಷ್ಟು ಎಂಬ ಪಟ್ಟಿ ಸಲ್ಲಿಸಬೇಕಾಗುತ್ತದೆ, ಇಸಿಆರ್ ಅನ್ನುತ್ತಾರೆ. ಬರೀ ಚಲನ್ ನೋಡಿದರೆ ಸಾಲದು, ಅದರಲ್ಲಿ ಒಟ್ಟು ಮೊತ್ತ ಮಾತ್ರ ಇರುತ್ತದೆ, ಬೇರೆ ಜಿಲ್ಲೆಯದ್ದನ್ನೂ ತಂದು ಲಗತ್ತಿಸಬಹುದು. ಹಿಂದಿನ ತಿಂಗಳ ಹೆಸರಿನ ಪಟ್ಟಿ, ಸಂಬಳ ಬ್ಯಾಂಕಿಗೆ ಹೋದ ದಾಖಲೆ, ಇವೆರಡೂ ಇಲ್ಲದ ಬಿಲ್ಲಿಗೆ ಸಹಿ ಹಾಕಬೇಡಿ ಎಂದು ಜಿಲ್ಲೆಯ ಎಲ್ಲ ಇಲಾಖೆಗಳಿಗೂ ಒಂದು ಸುತ್ತೋಲೆ ಕಳಿಸಿ. ಯಾರಿಗೆ ಎಷ್ಟು ತಿಂಗಳವರೆಗೆ ಜಮಾ ಆಗಿದೆ ಎಂದು ಅಲ್ಲಲ್ಲಿನ ನೋಟಿಸ್ ಬೋರ್ಡಿಗೆ ಹಚ್ಚಿಸಿ. ಇದಕ್ಕೆ ಹೊಸ ಅನುದಾನವೇನೂ ಬೇಡ.

ಇನ್ನೊಂದು ಮಾತು. ಬೀದರ್‌ನಲ್ಲಿ ಕಾರ್ಮಿಕರ ಸಹಕಾರ ಸಂಘದ ಮೂಲಕವೇ ಹೊರಗುತ್ತಿಗೆ ನೌಕರರನ್ನು ತೆಗೆದುಕೊಳ್ಳುವ ಪದ್ಧತಿ ಇದೆ. ನಮ್ಮಲ್ಲೂ ಯಾಕಾಗಬಾರದು? ಶಿರಸಿಯ ತೋಟಗಾರರು ಅಡಿಕೆ ಮಾರಲು 1923ರಲ್ಲೇ ಸಂಘ ಕಟ್ಟಿದವರು. ಸಹಕಾರ ಸಂಘಗಳಲ್ಲಿ ಗಲಾಟೆ ಇರುವುದಿಲ್ಲ ಎಂದು ಹೇಳುವಷ್ಟು ಮುಗ್ಧ ನಾನಲ್ಲ. ಆದರೆ ಅಲ್ಲಿ ವರ್ಷಕ್ಕೊಮ್ಮೆ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ಏಜೆನ್ಸಿಯವನು ಫೋನನ್ನೇ ಎತ್ತುವುದಿಲ್ಲ.

ಸಂಘಕ್ಕೆ ಸಮಯ ಹಿಡಿಯುತ್ತದೆ, ಒಪ್ಪುತ್ತೇನೆ. ಸುತ್ತೋಲೆಗೆ ಒಂದು ವಾರ ಸಾಕು. ಮುಂದಿನ ತಿಂಗಳ ಬಿಲ್‌ಗಳು ಬರುವುದರೊಳಗೆ ಅದು ಹೊರಡಲಿ.

ಇಂತಿ,
ಕುಮಟಾ ತಾಲೂಕಿನ ಒಬ್ಬ ನಾಗರಿಕ