ನಾಲ್ಕೋ ಐದೋ ಎಂದು ಕೂತು ಎಣಿಸಿದವರಿಗೆ

ನಮ್ಮ ಸಂಶೋಧನೆಯ ಪೇಪರ್ ಪ್ರಕಟವಾಗಿ ಬಂತು. ಆಕ್ಟೋಪಸ್‌ನ ಮೂತ್ರಪಿಂಡದಲ್ಲಿ ಸಿಕ್ಕ ನಮ್ಮ ಹುಳ ಹೊಸ ಪ್ರಭೇದವೇ ಅಂತ ಒಪ್ಪಿದ್ದಾರೆ. ಎರಡು ದಿನದಿಂದ ಫೋನು ಕೆಳಗಿಟ್ಟಿಲ್ಲ. ಒಬ್ಬೊಬ್ಬರಿಗೇ ಉತ್ತರ ಕೊಡುವುದು ಆಗುತ್ತಿಲ್ಲ, ಅದಕ್ಕೇ ಇದು.

ಕಲಬುರಗಿಯವಳಿಗೆ ಆಕ್ಟೋಪಸ್ ಯಾಕೆ ಬೇಕಿತ್ತು ಅಂತ ಕೇಳಿ ಕೇಳಿ ನೀವೂ ಸುಸ್ತಾಗಿದ್ದೀರಿ, ಹೇಳಿ ಹೇಳಿ ನಾನೂ. ಆ ಕಥೆ ಮತ್ತೆ ಬೇಡ. ಗೈಡ್ ಮೇಡಂ, ಲ್ಯಾಬಿನ ಗೆಳೆಯರು, ಡಿಎನ್‌ಎ ಕೆಲಸ ಮಾಡಿಕೊಟ್ಟವರು, ಮಲ್ಪೆಯಲ್ಲಿ ರೂಮು ಕೊಟ್ಟ ಅಕ್ಕ, ಎಲ್ಲರಿಗೂ ಕೈ ಮುಗಿದೆ. ಬಂದರಿನ ಬೋಟಿನವರಿಗೆ ಸ್ವಲ್ಪ ಜಾಸ್ತಿ. ಆಕ್ಟೋಪಸ್ ಸತ್ತರೆ ಒಳಗಿನ ಹುಳವೂ ಬೇಗ ಹಾಳಾಗುತ್ತದೆ, ಐಸಿನಲ್ಲಿ ಬಂದ ಮಾಲಿನಿಂದ ನಮಗೆ ಉಪಯೋಗವಿಲ್ಲ. ನಗುತ್ತಲೇ ಅವರು ಬಕೆಟ್ ತುಂಬ ಸಮುದ್ರದ ನೀರು ಹಾಕಿ ಜೀವಂತ ಇರುವುದನ್ನೇ ಎತ್ತಿಟ್ಟರು.

ಉಳಿದದ್ದೆಲ್ಲ ವೈನಿಗೆ, ಅಂದರೆ ನನ್ನ ಅತ್ತಿಗೆಗೆ.

ಮೇ ತಿಂಗಳು. ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ. ಯಾಕೆ ಕರೆತಂದೆವು ಅಂತ ನಿಮಗೆ ಗೊತ್ತು. ಅದೇ ಸಂಜೆ ಮೇಲ್ ಬಂತು. ಪ್ರಕಟಣೆಗೆ ಮೊದಲು ಪೇಪರ್ ಓದಿ ನೋಡಿದವರೊಬ್ಬರಿಗೆ ನನ್ನ ಎಣಿಕೆಯ ಮೇಲೆ ಅನುಮಾನ.

ಡೈಸಿಯೆಮಿಡ್ ಅನ್ನುವ ಈ ಹುಳದ ಇಡೀ ಮೈಯಲ್ಲಿ ಇರುವುದೇ 10ರಿಂದ 40 ಜೀವಕೋಶ. ಬಾಯಿಲ್ಲ, ಹೊಟ್ಟೆಯಿಲ್ಲ. ನಡುವೆ ಒಂದು ಉದ್ದನೆಯ ಕೋಶ, ಸುತ್ತ ಉಳಿದವು ಹೊದ್ದುಕೊಂಡಂತೆ. ತಲೆಯ ತುದಿಗೆ ಟೋಪಿಯ ಹಾಗೆ ಎರಡು ಸಾಲು. ಮೊದಲ ಸಾಲಿನಲ್ಲಿ ನಾಲ್ಕು ಕೋಶ. ಎರಡನೆಯದರಲ್ಲೂ ನಾಲ್ಕೇ ಇದ್ದರೆ ಡೈಸಿಯೆಮಾ ಕಡೆಯದು, ಐದಿದ್ದರೆ ಡೈಸಿಯೆಮೆನಿಯಾ. ಒಂದು ಕೋಶಕ್ಕೆ ಕುಲವೇ ಬದಲು. ಇಟಲಿಯ ಕವೊಲಿನಿ ಇಂಥ ಹುಳವನ್ನು 1787ರಲ್ಲೇ ನೋಡಿದ್ದ. ನನಗೆ ಆ ರಾತ್ರಿ ಕಣ್ಣೆದುರಿಗಿನ ಸಾಲೇ ಕಾಣಲಿಲ್ಲ. ಒಮ್ಮೆ ನಾಲ್ಕು, ಇನ್ನೊಮ್ಮೆ ಐದು.

ಒಳಕೋಣೆಯಿಂದ ಅಪ್ಪನ ಉಸಿರು ಕೇಳಿಸುತ್ತಿತ್ತು. ನಾನು ಹುಳದ ಕೋಶ ಎಣಿಸುತ್ತಾ ಕೂತಿದ್ದೆ. ಎಂಥ ಮಗಳು ನಾನು ಅನಿಸಿತು. ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ವೈನಿ ತೊಗರಿ ಬೇಳೆ ಹಸನು ಮಾಡುತ್ತಿದ್ದವರು ಮೊರ ಹಿಡಿದುಕೊಂಡೇ ಬಂದು ಪಕ್ಕದಲ್ಲಿ ಕೂತರು. ಏನು ತೊಂದರೆ ಅಂತ ಕೇಳಿ, ಅರ್ಧ ಕೇಳಿಸಿಕೊಂಡು, "ನನಗ ತೋರಸು. ಎಷ್ಟು ಬರಬೇಕಂತ ಮಾತ್ರ ಹೇಳಬ್ಯಾಡ" ಅಂದರು. ವೈನಿ ಅಂಗನವಾಡಿ ಟೀಚರ್. ದಿನಾ ಮಕ್ಕಳ ತಲೆ ಎಣಿಸಿ ರೂಢಿ. "ಇವು ಓಡಿ ಹೋಗಂಗಿಲ್ಲಲ್ಲ, ಅಷ್ಟು ಸಾಕು."

ಒಂದೊಂದು ಹುಳಕ್ಕೂ ಫೋಕಸ್ ಮೇಲೆ ಕೆಳಗೆ ಮಾಡಿ ತೆಗೆದ ನಾಲ್ಕೈದು ಫೋಟೊ ಇದ್ದವು. ನೇರಳೆ ಬಣ್ಣ ಹಿಡಿದ ಒಂದೊಂದು ಚುಕ್ಕೆಗೂ ವೈನಿ ಒಂದೊಂದು ಬೇಳೆ ಇಡುತ್ತಾ ಹೋದರು. ಮುಂದಿನ ಸಾಲಿಗೆ ಮೇಲೆ, ಹಿಂದಿನ ಸಾಲಿಗೆ ಕೆಳಗೆ. ನಡುನಡುವೆ ಎದ್ದು ಅಪ್ಪನ ಬಾಯಿಗೆ ಚಮಚದಲ್ಲಿ ನೀರು ಬಿಟ್ಟು, ದಿಂಬು ಸರಿಮಾಡಿ, ಬಂದು ಮತ್ತೆ ಅದೇ ಚುಕ್ಕೆಯಿಂದ ಶುರು. ನನ್ನನ್ನು ಒಂದು ಸಲವೂ ಏಳಿಸಲಿಲ್ಲ. ಒಂದು ಸಲ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬೆಳಕೊಂದೇ. ಸೆಕೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದರು.

ಮೂರು ಗಂಟೆಯ ಸುಮಾರಿಗೆ ಒಂದು ಫೋಟೊದ ಹತ್ತಿರ ಬೆರಳು ನಿಂತಿತು. ನಾನು ಐದು ಅಂತ ಬರೆದುಕೊಂಡದ್ದು ಅದೇ. "ಇವ ಈ ಸಾಲಿನ ಹುಡುಗ ಅಲ್ಲ ತಂಗಿ. ಇದರ ಹಿಂದಿನವ, ಮುಂದ ಬಂದು ತಲಿ ತೂರ್ಶ್ಯಾನ." ಫೋಕಸ್ ಒಂದು ಮೆಟ್ಟಿಲು ಕೆಳಗಿನ ಫೋಟೊ ತೆಗೆದೆ. ಹೌದು. ಟೋಪಿಯ ಹಿಂದಿರುವ ಜೋಡಿ ಕೋಶಗಳಲ್ಲಿ ಒಂದು, ಓರೆಯಾಗಿ ಮುಂದೆ ಚಾಚಿಕೊಂಡಿತ್ತು. ಐದು ಅಂತ ಬರೆದ ಕಡೆಯಲ್ಲೆಲ್ಲ ಅದೇ ತುಂಟ. ಬೆಳಗಾಗುವಷ್ಟರಲ್ಲಿ ಮೊರದ ತುಂಬ ಸಣ್ಣ ಸಣ್ಣ ಬೇಳೆಯ ಗುಂಪು. ಮೇಲೆ ನಾಲ್ಕು, ಕೆಳಗೆ ನಾಲ್ಕು.

ಒಂದು ಕೋಶ ಹೆಚ್ಚಾದರೆ ಕುಲದಿಂದಲೇ ಆಚೆ ಅಂತ ವಿವರಿಸಿದಾಗ, "ನಮ್ಮ ಮಂದಿಗಿಂತ ನಿಮ್ಮ ಹುಳದ್ದೇ ಭಾಳ ಕಟ್ಟುನಿಟ್ಟು" ಅಂತ ನಕ್ಕರು. ಆ ನಗು ಕೇಳಿ ಅಪ್ಪ ಕಣ್ಣು ಬಿಟ್ಟು, "ಎಷ್ಟಾದವು?" ಅಂದರು. ನಾಲ್ಕು ಅಂದೆ. "ಬರ್ಕೋ ಮತ್ತ" ಅಂದರು. ನನ್ನ ಜೊತೆ ಅವರಾಡಿದ ಕೊನೆಯ ಪೂರಾ ಮಾತು ಅದು. ಬರೆದುಕೊಂಡೆ.

ಸ್ಲೈಡುಗಳು ಈಗ ಕೋಲ್ಕತ್ತದಲ್ಲಿವೆ, ಜೂಲಾಜಿಕಲ್ ಸರ್ವೆಯವರ ಹತ್ತಿರ. ಬೇಳೆ ಮರುದಿನವೇ ಸಾರಿಗೆ ಹೋಯಿತು.

ಪೇಪರ್ ಬಂದ ಸುದ್ದಿ ಹೇಳಿದಾಗ ವೈನಿ ಮೊದಲು ಕೇಳಿದ್ದು, "ಹುಳಕ್ಕ ನನ್ನ ಹೆಸರು ಇಟ್ಟೀಯೇನು? ಇಟ್ಟಿದ್ರ ಮನಿಗೆ ಬರಬ್ಯಾಡ."

ಇಟ್ಟಿಲ್ಲ ವೈನಿ. ಕೊನೆಯ ಪುಟದಲ್ಲಿ ಒಂದು ಸಾಲು ಇದೆ, ಅಷ್ಟೇ. ಭಾನುವಾರ ಬರುತ್ತೇನೆ.