ಬರೆ ಕುಸಿದ ಜಾಗದಲ್ಲಿ ಮೂಲಂಗಿ

ಪ್ರಿಯರೇ,

ನಾವು ಊರಿಗೆ ಬಂದು ಇವತ್ತಿಗೆ ಒಂಬತ್ತು ದಿನ. ಒಬ್ಬೊಬ್ಬರಿಗೇ ಫೋನ್ ಮಾಡಿ ಥ್ಯಾಂಕ್ಸ್ ಹೇಳೋಣ ಅಂತ ಶುರು ಮಾಡಿದೆ. ನಾಲ್ಕನೆಯವರ ಹತ್ತಿರ ಮಾತಾಡುವಾಗಲೇ ಇದು ಮುಗಿಯುವ ಕೆಲಸವಲ್ಲ ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಚರ್ಚಿನ ಸಭಾಪಾಲಕನಾಗಿ 25 ವರ್ಷ ತುಂಬಿತು ಅಂತ ನೀವೆಲ್ಲ ಸೇರಿ ನಮ್ಮಿಬ್ಬರನ್ನೂ ಯೊರ್ದನ್, ಯೆರೂಸಲೇಮ್ ಕಡೆ ಯಾತ್ರೆಗೆ ಕಳಿಸಿದಿರಿ. ಲಕೋಟೆ ಮೇಲೆ ಹೆಸರು ಬರೆಯದೆ ದುಡ್ಡು ಹಾಕಿದವರೂ ಇದ್ದಾರೆ. ಕೈಬರಹ ನೋಡಿದರೆ ಗೊತ್ತಾಗುತ್ತದೆ, ಆದರೆ ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೋಗುವ ಮನಸ್ಸೇ ಇರಲಿಲ್ಲ. ಜುಲೈನಲ್ಲಿ ಮನೆ ಹಿಂದಿನ ಬರೆ, ಅದೇ ಆ ಕಡಿದಾದ ಮಣ್ಣಿನ ದಿಬ್ಬ, ಕುಸಿಯಿತಲ್ಲ, ಆಮೇಲೆ ರಾತ್ರಿ ಮಳೆ ಜೋರಾದರೆ ಸಾಕು, ಎದ್ದು ಟಾರ್ಚ್ ಹಿಡಿದು ಹಿತ್ತಿಲಲ್ಲಿ ನಿಲ್ಲುತ್ತಿದ್ದೆ. ಕೊಡಗಿನಲ್ಲಿ 2018ರ ಆಗಸ್ಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಮನೆಗಳೇ ಹೋದವು. ನಮ್ಮದು ಹೋಗಿದ್ದು ಬರೀ ತರಕಾರಿ ಪಾತಿ. ಆದರೂ ಆ ಕೆಂಪು ಮಣ್ಣಿನ ರಾಶಿ ನನ್ನ ಮೇಜಿನ ಎದುರಿನ ಕಿಟಕಿಗೆ ಸರಿಯಾಗಿ ಬಿದ್ದಿತ್ತು. ಭಾನುವಾರದ ಉಪದೇಶದ ಪ್ರಸಂಗ ಬರೆಯಲು ಕೂತರೆ ಅದೇ ಕಣ್ಣಿಗೆ. ಮೂರು ತಿಂಗಳು ಹಳೇ ಪ್ರಸಂಗಗಳನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಹೇಳಿದೆ. ನಿಮಗೆ ಗೊತ್ತಾಗಿತ್ತು ಅಂತ ನನಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದಕ್ಕೂ ಒಂದು ಥ್ಯಾಂಕ್ಸ್.

ನೋಡಿದ ಜಾಗಗಳ ಫೋಟೋಗಳನ್ನು ಸಂಡೇ ಸ್ಕೂಲ್ ಮಕ್ಕಳಿಗೆ ತೋರಿಸುತ್ತೇನೆ, ದೊಡ್ಡವರೂ ಬಂದು ಕೂರಬಹುದು. ಯೊರ್ದನ್ ನದಿ ನಾವು ಇಳಿದ ಕಡೆ ನಮ್ಮ ಹಾರಂಗಿ ಕಾಲುವೆಯಷ್ಟೇ ಇದೆ, ನೀರೂ ಮಣ್ಣು ಬಣ್ಣ. ಇಲ್ಲಿ ನಾನು ಹೇಳಬೇಕೆಂದಿರುವುದು ಒಂದು ಮಳೆಯ ವಿಷಯ.

ಯೆರೂಸಲೇಮಿನಲ್ಲಿ ಅದು ನಮ್ಮ ಕೊನೆಯ ಸಂಜೆ. ಅಕ್ಟೋಬರ್ ಮುಗಿಯುತ್ತಾ ಬಂದಿತ್ತು. ಗುಡ್ಡಗಳೆಲ್ಲ ಒಣಗಿ ಬೂದಿ ಬಣ್ಣ. ಎಣ್ಣೆಮರದ, ಅಂದರೆ ಆಲಿವ್ ಮರದ, ಎಲೆ ಮುಟ್ಟಿದರೆ ಬೆರಳಿಗೆ ಧೂಳು. ಅಲ್ಲಿ ಬೇಸಿಗೆ ಇಡೀ ಹನಿ ಬೀಳುವುದಿಲ್ಲವಂತೆ. ಊಟಕ್ಕೆ ನಡೆದು ಹೋಗುವಾಗ ನಾಲ್ಕು ಹನಿ ಬಿತ್ತು. ನಮ್ಮ ಲೆಕ್ಕಕ್ಕೆ ಅದು ಮಳೆಯೇ ಅಲ್ಲ, ಕೊಡೆ ಬಿಚ್ಚುವಷ್ಟೂ ಇರಲಿಲ್ಲ. ಆದರೆ ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ನಮ್ಮ ಗೈಡ್ ಅಂಗೈ ಚಾಚಿ ಹೀಬ್ರೂ ಭಾಷೆಯಲ್ಲಿ 'ಯೋರೆ' ಅಂದರು. ಏನು ಹಾಗೆಂದರೆ ಅಂತ ಕೇಳಿದೆ. ವರ್ಷದ ಮೊದಲ ಮಳೆ, ಇನ್ನು ನೆಲ ಮೆತ್ತಗಾಗುತ್ತದೆ, ಉತ್ತು ಬಿತ್ತಬಹುದು ಅಂದರು. ಕೊನೇ ಮಳೆ ಮಾರ್ಚ್, ಏಪ್ರಿಲ್ ಹೊತ್ತಿಗೆ, ತೆನೆ ಕಾಳು ಕಟ್ಟುವಾಗ ಬರುತ್ತದಂತೆ. ಅದಕ್ಕೆ 'ಮಲ್ಕೋಷ್' ಅಂತ ಹೆಸರು.

ನಮ್ಮ ಕನ್ನಡ ಬೈಬಲಿನ ಮುಂಗಾರು, ಹಿಂಗಾರು ಇವೇ ಅಲ್ವಾ! ಧರ್ಮೋಪದೇಶಕಾಂಡದ 11ನೇ ಅಧ್ಯಾಯ, ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ. ಎಷ್ಟು ಬೆಳೆ ಹಬ್ಬಕ್ಕೆ ಇವನ್ನು ಓದಿ ಪ್ರಸಂಗ ಮಾಡಿದ್ದೇನೋ. ಮುಂಗಾರು ಅಂದಾಗಲೆಲ್ಲ ನನ್ನ ತಲೆಯಲ್ಲಿ ಜೂನ್ ತಿಂಗಳು, ಪ್ಲಾಸ್ಟಿಕ್ ಕೊಪ್ಪೆ, ಜಿಗಣೆ, ನೀರು ತುಂಬಿದ ಗದ್ದೆ. ಅವರ ಮುಂಗಾರು ಬರುವುದು ನಮ್ಮ ಹಿಂಗಾರಿನ ಹೊತ್ತಿಗೆ. ಇಲ್ಲಿ ತುಲಾ ಸಂಕ್ರಮಣ ಕಳೆದು, ಸದ್ಯ ಮುಗಿಯಿತಪ್ಪಾ ಅಂತ ನಾವು ಕೊಡೆ ಒಣಗಿಸಿ ಇಡುವಾಗ ಅಲ್ಲಿ ರೈತನ ವರ್ಷ ಶುರು. ಅನುವಾದ ಮಾಡಿದವರದ್ದು ತಪ್ಪಿಲ್ಲ. ಮುಂದೆ ಬಂದದ್ದು ಮುಂಗಾರು, ಹಿಂದೆ ಬಂದದ್ದು ಹಿಂಗಾರು. ಕೊಡಗಿನ ಕಿಟಕಿಯಲ್ಲಿ ಕೂತು ಓದಿದ್ದು ನಾನು. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 120 ಇಂಚಿಗೂ ಜಾಸ್ತಿ ಮಳೆ, ಅಲ್ಲಿ 20 ಇಂಚಿನ ಆಸುಪಾಸು. ಈ ವರ್ಷವಂತೂ ನಾನು ಮಾಡಿದ ಪ್ರಾರ್ಥನೆಯೆಲ್ಲ ಮಳೆ ನಿಲ್ಲಲಿ ಅಂತಲೇ. ಮಳೆಗೆ ಕಾಯುವ ಯಾಕೋಬನ ಬೇಸಾಯಗಾರ ನನಗೆ ಹೇಗೆ ಅರ್ಥವಾಗಬೇಕು?

ಊರಿಗೆ ಬಂದದ್ದು ರಾತ್ರಿ. ಬೆಳಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲ ಬಾಗಿಲು ತೆಗೆದೆ. ಮಣ್ಣಿನ ರಾಶಿ ಇಲ್ಲ! ಬರೆಗೆ ಸೊಂಟದ ಎತ್ತರಕ್ಕೆ ಕಲ್ಲು ಕಟ್ಟಿದ್ದೀರಿ. ನೀರು ಹೋಗಲು ಪೈಪ್ ಬಿಟ್ಟಿದ್ದೀರಿ. ಅದರ ಕೆಳಗೆ ನಾಲ್ಕು ಪಾತಿ. ಒಂದರಲ್ಲಿ ಮೂಲಂಗಿ ಮೊಳೆತು ಎರಡೆರಡು ಎಲೆ ಬಿಟ್ಟು ಸಾಲಾಗಿ ನಿಂತಿತ್ತು. ಸಾಲು ಸ್ವಲ್ಪ ಸೊಟ್ಟ, ಬಿತ್ತಿದ್ದು ಸಂಡೇ ಸ್ಕೂಲಿನವರು ಅಂತ ಆಮೇಲೆ ಗೊತ್ತಾಯಿತು. ಬರೆಯ ಅಡಿಮಣ್ಣಿನಲ್ಲಿ ಸಾರ ಎಲ್ಲಿರುತ್ತದೆ? ಮೊದಲೇ ನಮ್ಮ ಮಣ್ಣು ಹುಳಿ. ಮಹಿಳೆಯರ ಕೂಟದವರು ಸುಣ್ಣ ಹಾಕಿ, ಕಾಫಿ ತೋಟದಿಂದ ಮೇಲ್ಮಣ್ಣು ತಂದು, ಸಗಣಿ ಗೊಬ್ಬರ ಸೇರಿಸಿ ಎರಡು ಸಲ ಅಗೆದರಂತೆ. ಡೇಲಿಯಾ ಗೆಡ್ಡೆಗಳನ್ನು ಕಿತ್ತು, ಮರಳಿನಲ್ಲಿ ಹೂತಿಟ್ಟು, ಬಿಸ್ಕತ್ತಿನ ರಟ್ಟು ಹರಿದು ಚೀಟಿ ಸಿಕ್ಕಿಸಿದ್ದಾರೆ. 'ಕಡುಕೆಂಪು', 'ಬಿಳಿ', 'ಹಳದಿ'. ಒಂದರ ಮೇಲೆ 'ಅಯ್ಯನವರನ್ನೇ ಕೇಳಬೇಕು' ಅಂತಿದೆ. ಅದು ನೇರಳೆ, ಅಕ್ಕಾ.

ಯೌವನಸ್ಥರ ಬಗ್ಗೆ ಒಂದು ಮಾತು. ಕಳೆ ಕೊಚ್ಚುವ ಮಷೀನಿಗೆ ನನ್ನ ಎರಡು ವರ್ಷದ ಕಸಿ ಬಟರ್ ಫ್ರೂಟ್ ಗಿಡವೂ ಹೋಗಿದೆ. ಯಾರು ಅಂತ ಕೇಳಿದರೆ ಎಲ್ಲರೂ ಚರ್ಚಿನ ಗಂಟೆ ನೋಡುತ್ತಾರೆ. ಇರಲಿ ಬಿಡಿ. ಯೆರೂಸಲೇಮಿನ ಗೆತ್ಸೇಮನೆ ತೋಟದಲ್ಲಿ ಎಂಟು ಹಳೇ ಎಣ್ಣೆಮರಗಳಿವೆ. ಅವುಗಳಲ್ಲಿ ಮೂರನ್ನು ಪರೀಕ್ಷೆ ಮಾಡಿದಾಗ ಕಾಂಡ 12ನೇ ಶತಮಾನದ್ದು ಅಂತ ತಿಳಿಯಿತು. ಎಣ್ಣೆಮರ ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ನನ್ನ ಗಿಡವೂ ಚಿಗುರಿದೆ, ಆದರೆ ಕಸಿಯ ಗಂಟಿನ ಕೆಳಗೆ. ಅಂದರೆ ಕಾಡುಗಿಡ. ರೋಮಾಪುರದವರಿಗೆ ಬರೆಯುವಾಗ ಪೌಲನು ಕಾಡೆಣ್ಣೆ ಮರದ ಕೊಂಬೆಯನ್ನು ಊರೆಣ್ಣೆ ಮರಕ್ಕೆ ಕಸಿ ಕಟ್ಟುತ್ತಾನೆ. ತೋಟದವರು ಮಾಡುವುದು ಅದರ ಉಲ್ಟಾ. ಒಳ್ಳೇ ಜಾತಿಯ ಕಡ್ಡಿ ಇರುವವರು ದಯವಿಟ್ಟು ತಂದುಕೊಡಿ. ಕಸಿ ಕಟ್ಟಲು ಆ ಗಂಟೆ ನೋಡಿದವರೇ ಬರಬೇಕು.

ಪಕ್ಕದ ಮನೆಯವರಿಗೂ ಋಣ ಇದೆ. ನಮ್ಮ ಕೋಳಿಗಳನ್ನು ನೋಡಿಕೊಂಡದ್ದು ಅವರು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ಬಂದವರು ನಮಗೂ ಒಂದು ಬಾಟಲಿ ತೀರ್ಥ ಎತ್ತಿಟ್ಟಿದ್ದರು. ನಾನು ಅವರಿಗೆ ಯೊರ್ದನ್ ನೀರು ಕೊಟ್ಟೆ. ಈಗ ಎರಡೂ ಅಡುಗೆಮನೆಗಳ ಕಿಟಕಿಯಲ್ಲಿ ಒಂದೊಂದು ಬಾಟಲಿ ಇದೆ. ಕಮಿಟಿಯವರು ಇದನ್ನು ಮೀಟಿಂಗಿನಲ್ಲಿ ತೆಗೆಯಬಾರದು.

ಗುಲಾಬಿ ಗಿಡ ಸವರಿದ್ದೇನೆ, ಕಡ್ಡಿ ಬೇಕಾದವರು ಭಾನುವಾರ ಆರಾಧನೆ ಮುಗಿದ ಮೇಲೆ ತೆಗೆದುಕೊಂಡು ಹೋಗಿ. ಬೆಳೆ ಹಬ್ಬದ ಹರಾಜಿಗೆ ಈ ಸಲ ನಮ್ಮ ಮನೆಯಿಂದ ಮೂಲಂಗಿ. ಅಷ್ಟರಲ್ಲಿ ಬೆರಳು ದಪ್ಪ ಆದರೆ ಪುಣ್ಯ. ಆದರೂ ಕಟ್ಟಿಗೆ ಐನೂರಕ್ಕಿಂತ ಕಮ್ಮಿ ಕೂಗಿದರೆ ನಾನೇ ಕೊಂಡುಕೊಳ್ಳುತ್ತೇನೆ, ನೋಡಿ.