ನಾನು ನೋಡದ ಡ್ರಾಯಿಂಗಿಗೆ ನನ್ನ ಇನಿಷಿಯಲ್ ಹಾಕಿರುವ ಬಗ್ಗೆ ದೂರು

ಇಂದ: ಕಾಂಟ್ರಾಕ್ಟ್ ಪ್ರೊಸೆಸ್ ಇಂಜಿನಿಯರ್, ಕುವೆಂಪುನಗರ, ಮೈಸೂರು

ಗೆ: ಪ್ರಾಜೆಕ್ಟ್ ವಿಭಾಗದ ಮುಖ್ಯಸ್ಥರು, ಮೈಸೂರು ಕಚೇರಿ

ಮಾನ್ಯರೇ,

ನಂಜನಗೂಡು ಕೈಗಾರಿಕಾ ಪ್ರದೇಶದ ಸಾಲ್ವೆಂಟ್ ರಿಕವರಿ (ಬಳಸಿದ ದ್ರಾವಕವನ್ನು ಶುದ್ಧಮಾಡಿ ಮರಳಿ ಪಡೆಯುವ) ಪ್ಲಾಂಟಿನ ಕೆಲಸಕ್ಕೆ ನಿಮ್ಮ ಸಂಸ್ಥೆ ನನ್ನನ್ನು ಕಾಂಟ್ರಾಕ್ಟ್ ಮೇಲೆ ತೆಗೆದುಕೊಂಡಿತ್ತು. ಅದರ ಡ್ರಾಯಿಂಗಿನ ರಿವಿಷನ್ 2ಕ್ಕೆ (ಎರಡನೇ ಪರಿಷ್ಕರಣೆಗೆ) ಸಹಿ ಹಾಕಿ ಕೊಟ್ಟೆ, ಅಲ್ಲಿಗೆ ನನ್ನ ಕಾಂಟ್ರಾಕ್ಟ್ ಮುಗಿಯಿತು. ಮೊನ್ನೆ ಸೈಟಿನ ಪೈಪಿಂಗ್ ಸೂಪರ್‌ವೈಸರ್ ಏನೋ ಸಂದೇಹ ಕೇಳಲು ಪಿ ಅಂಡ್ ಐಡಿ (ಪೈಪು, ವಾಲ್ವ್, ಉಪಕರಣಗಳನ್ನು ತೋರಿಸುವ) ಡ್ರಾಯಿಂಗಿನ ಫೋಟೊ ಕಳಿಸಿದರು. ರಿವಿಷನ್ 3 ಅಂತಿದೆ. 'ಚೆಕ್ಡ್' ಅನ್ನುವ ಕಡೆ ನನ್ನ ಇನಿಷಿಯಲ್ ಇದೆ. ಆ ರಿವಿಷನ್ನನ್ನು ನಾನು ನೋಡಿಯೇ ಇಲ್ಲ.

ಇನಿಷಿಯಲ್ ಹಾಕಿದ್ದೇ ತಪ್ಪು. ಅದಕ್ಕಿಂತ ಜಾಸ್ತಿ ಹೆದರಿಕೆಯಾಗಿದ್ದು ಅದರೊಳಗಿನ ಬದಲಾವಣೆ ನೋಡಿ. ಟೊಲುಯೀನ್ ಎಂಬ ದ್ರಾವಕವನ್ನು ಕುದಿಸಿ ಬೇರ್ಪಡಿಸುವ ಕಾಲಮ್ಮಿನ ಸೇಫ್ಟಿ ವಾಲ್ವ್ 2ಜೆ3 ಇದ್ದದ್ದು 1.5ಎಚ್3 ಆಗಿದೆ. ಇದರಲ್ಲಿ ಅಂಕಿಗಳು ವಾಲ್ವಿನ ಒಳಬಾಯಿ, ಹೊರಬಾಯಿಯ ಇಂಚಿನ ಅಳತೆ; ನಡುವಿನ ಅಕ್ಷರ ಆರಿಫಿಸ್, ಅಂದರೆ ಆವಿ ಹೋಗುವ ರಂಧ್ರದ ಅಳತೆ. ಕೂಲಿಂಗ್ ವಾಟರ್ ಪಂಪ್ ನಿಂತರೆ ಆವಿಯನ್ನು ತಣಿಸಿ ದ್ರವ ಮಾಡುವ ಕಂಡೆನ್ಸರ್ ಕೆಲಸ ಮಾಡುವುದಿಲ್ಲ. ಆದರೆ ಕಾಲಮ್ಮನ್ನು ಕಾಯಿಸುವ ರೀಬಾಯ್ಲರಿಗೆ ಸ್ಟೀಮ್ ಬರುತ್ತಲೇ ಇರುತ್ತದೆ. ಆಗ ಆವಿಯೆಲ್ಲ ಹೊರಗೆ ಹೋಗಬೇಕಾದ್ದು ಆ ಒಂದು ವಾಲ್ವಿನಲ್ಲೇ, ಅಲ್ವಾ? ನನ್ನ ಲೆಕ್ಕದಲ್ಲಿ 640 ಚದರ ಮಿಲಿಮೀಟರ್ ಆರಿಫಿಸ್ ಬೇಕೆಂದು ಬಂದಿತ್ತು. ಎಚ್ ಆರಿಫಿಸ್ 506 ಅಷ್ಟೇ, ಜೆ 830. ಅದಕ್ಕೇ ಜೆ ಹಾಕಿದ್ದು.

ಫೋನ್ ಮಾಡಿ ಕೇಳಿದರೆ, "ಸ್ಟೋರಿನಲ್ಲಿ ಎಚ್ ಇತ್ತು ಸಾರ್, ಅದನ್ನೇ ತೋರಿಸಿದ್ವಿ" ಎಂದರು ನಿಮ್ಮ ಕೋಆರ್ಡಿನೇಟರ್. ಸೇಫ್ಟಿ ವಾಲ್ವನ್ನು ಹೀಗಾ ಆರಿಸುವುದು? ಟೊಲುಯೀನಿನ ಫ್ಲ್ಯಾಶ್ ಪಾಯಿಂಟ್ (ಅದರ ಆವಿಗೆ ಬೆಂಕಿ ಹತ್ತಬಲ್ಲ ಕನಿಷ್ಠ ಉಷ್ಣಾಂಶ) ಸುಮಾರು 4 ಡಿಗ್ರಿ ಸೆಲ್ಸಿಯಸ್. ನಮ್ಮ ಡಿಸೆಂಬರ್ ಚಳಿಯಲ್ಲೂ ಅದರ ಆವಿಗೆ ಒಂದು ಕಿಡಿ ಸಾಕು. ಅಲ್ಲಿ ರಾತ್ರಿ ಪಾಳಿಯಲ್ಲಿ ನಿಲ್ಲುವವರು ಸುತ್ತಲಿನ ಹಳ್ಳಿಗಳ ಹುಡುಗರು. ಡ್ರಾಯಿಂಗಿನಲ್ಲಿರುವ ಸಹಿ ನಂಬಿಕೊಂಡೇ ಅವರು ಪ್ಲಾಂಟ್ ನಡೆಸುತ್ತಾರೆ.

ಕಾಂಟ್ರಾಕ್ಟಿನವನು ಬಿಟ್ಟುಹೋದ, ಇನ್ನು ಕೇಳುವವರಿಲ್ಲ ಅಂತ ಅವನ ಹೆಸರನ್ನು ಹೀಗೆ ಬಳಸಬಾರದು.

ರಿವಿಷನ್ 3 ಅನ್ನು ಕೂಡಲೇ ವಾಪಸ್ ತೆಗೆದುಕೊಳ್ಳಿ. ಜೆ ವಾಲ್ವ್ ತರಿಸಿ. ಎಚ್ ಸಾಕು ಅನ್ನುವವರು ಯಾರಾದರೂ ಇದ್ದರೆ ಲೆಕ್ಕ ಮಾಡಿ, ತಮ್ಮ ಹೆಸರಿನಲ್ಲೇ ಸಹಿ ಹಾಕಲಿ. ಅಲ್ಲಿಯವರೆಗೆ ಆ ಕಾಲಮ್ಮಿಗೆ ಸ್ಟೀಮ್ ಕೊಡಬಾರದು. ಈ ಪತ್ರದ ಪ್ರತಿಯನ್ನೂ ನನ್ನ ಲೆಕ್ಕದ ಹಾಳೆಯನ್ನೂ ಕಾರ್ಖಾನೆಯ ಸೇಫ್ಟಿ ಆಫೀಸರಿಗೆ ಇವತ್ತೇ ಕಳಿಸುತ್ತಿದ್ದೇನೆ. ಒಂದು ವಾರದಲ್ಲಿ ನಿಮ್ಮಿಂದ ಲಿಖಿತ ಉತ್ತರ ಬರದಿದ್ದರೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ ದೂರು ಕೊಡುತ್ತೇನೆ.

ನನ್ನ ಕೊನೆಯ ಬಿಲ್ಲೂ ಬಾಕಿ ಇದೆ. ಉದ್ಯಮ್ ನೋಂದಣಿ ಇರುವ ನನ್ನಂಥ ಸಣ್ಣ ಉದ್ಯಮದವರಿಗೆ 2006ರ ಎಂಎಸ್ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಅದರ ಬಗ್ಗೆ ಬೇರೆ ಪತ್ರ ಬರೆಯುತ್ತೇನೆ. ಮೊದಲು ಈ ವಾಲ್ವ್ ಸರಿಮಾಡಿ.

ಇಂತಿ,
ನಿಮ್ಮಲ್ಲಿ ಕೆಲಸ ಮಾಡಿದ್ದ ಪ್ರೊಸೆಸ್ ಇಂಜಿನಿಯರ್